ಮೊದಲು ಗುರಿ, ಅನಂತರ ಪ್ರಯೋಗ

ಪಾಠಕ್ಕೆ ಮುನ್ನ ಅದರ ಉದ್ದೇಶವನ್ನು ಬರೆದಿಡಬೇಕೆಂದು ಶಿಕ್ಷಕರ ತರಬೇತಿಯಲ್ಲಿ ನಾವು ಕಲಿತೆವು. ಔಷಧೋದ್ಯಮದಲ್ಲಿಯೂ ಇಂತಹುದೇ ಕ್ರಮವುಂಟು: ಮದ್ದು ಯಾರಿಗೆ, ಬೆಲೆಯೆಷ್ಟು, ಎಷ್ಟು ಬಿಸಿಲನ್ನು ತಾಳಬೇಕು ಎಂಬುದನ್ನು ಮೊದಲೇ ಗೊತ್ತುಪಡಿಸುವ ಗುರಿಪಟ್ಟಿ.

ಜೀವವೈದ್ಯ ಸಂಶೋಧನೆಯಲ್ಲಿ ತೊಡಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು, “ಗುರುಗಳೇ, ಇದು ವ್ಯಾಪಾರಿಗಳ ಲೆಕ್ಕವಲ್ಲವೇ?” ಎಂದು ಕೇಳಿದನು. ಸೊಲ್ಲಾಪುರದ ನಮಗೆ ಸಮೀಪದ ಪುಣೆಯನ್ನೇ ಅವನಿಗೆ ತೋರಿಸಿದೆನು. ಆಫ್ರಿಕದ ಮೆನಿಂಜೈಟಿಸ್ ರೋಗಕ್ಕೆ ಲಸಿಕೆ ಬೇಕೆಂದು 2001ರಲ್ಲಿ ಆರಂಭವಾದ ಯೋಜನೆಯು, ಅರ್ಧ ಡಾಲರಿಗಿಂತ ಕಡಿಮೆ ಬೆಲೆಯನ್ನೇ ಮುಖ್ಯ ನಿಬಂಧನೆಯನ್ನಾಗಿರಿಸಿತು. ಅದಕ್ಕೊಗ್ಗುವ ವಿಧಾನವನ್ನು ಅಮೆರಿಕದ ಸರ್ಕಾರಿ ವಿಜ್ಞಾನಿಗಳು ಕೊಟ್ಟರು. ಪುಣೆಯ ಸೀರಮ್ ಸಂಸ್ಥೆಯು ಲಸಿಕೆಯನ್ನು ತಯಾರಿಸಿತು. 2010ರ ಡಿಸೆಂಬರಿನಲ್ಲಿ ಅದು ಬುರ್ಕಿನಾ ಫಾಸೊದ ಮಕ್ಕಳನ್ನು ತಲುಪಿತು.

ಮೂಲತತ್ತ್ವದ ಶೋಧಕ್ಕೆ ಇಂತಹ ಬೇಲಿ ಬೇಡ. ಆದರೆ ಮದ್ದನ್ನೇ ಅರಸುವವನು ಬಡವನ ಮನೆಯ ಬಾಗಿಲನ್ನು ಮೊದಲೇ ಕಂಡಿರಬೇಕು.