ಆಟಿಕೆ ಕೀಬೋರ್ಡಿನ ಹಾಡುಗಳು

ಜಾತ್ರೆಯಲ್ಲಿ ಕೊಡಿಸ್ತಿದ್ದ ಆಟಿಕೆ ಪಿಯಾನೋದ ಸದ್ದು ನೆನಪಿದೆಯಲ್ಲ? ಹೆಚ್ಚುಕಡಿಮೆ ಅಂಥ ಸದ್ದಿನಲ್ಲೇ ಇಡೀ ಆಲ್ಬಂ ಮಾಡಿದವರಿದ್ದಾರೆ. ಲಂಡನ್ನಿನ ‘ಕೆರೊ ಕೆರೊ ಬೊನಿಟೊ’ ತಂಡದ ‘ಇಂಟ್ರೊ ಬೊನಿಟೊ’, ಮೊದಲು ಬಂದದ್ದು 2013ರಲ್ಲಿ. ಕೆರೊ ಕೆರೊ ಅಂದರೆ ಜಪಾನಿಯಲ್ಲಿ ಕಪ್ಪೆ ಕೂಗುವ ಸದ್ದು, ಬೊನಿಟೊ ಒಂದು ಮೀನು. ಹೆಸರಲ್ಲೇ ತಮಾಷೆ.

ತಂಡದಲ್ಲಿ ಮೂವರೇ. ಗಸ್ ಲಾಬನ್ ಮತ್ತು ಜೇಮೀ ಬುಲ್ಡ್ ಎಂಬ ಗೆಳೆಯರು, ಅಲ್ಲಿನ ಜಪಾನಿಯರು ಬಳಸುವ ಜಾಲತಾಣವೊಂದರಲ್ಲಿ ಗಾಯಕಿ ಬೇಕೆಂದು ಜಾಹೀರಾತು ಹಾಕಿದರು. ಸಿಕ್ಕವರು ಸಾರಾ ಮಿಡೋರಿ ಪೆರ್ರಿ, ಜಪಾನಿನಲ್ಲಿ ಬೆಳೆದು ಇಂಗ್ಲೆಂಡಿಗೆ ಬಂದವರು. ವಾದ್ಯ ಕ್ಯಾಸಿಯೊ ಎಸ್‌ಎ-46. ಅದರಲ್ಲಿ ಪುಟ್ಟ ಪುಟ್ಟ 32 ಕೀಗಳು, ಮಕ್ಕಳ ಹುಟ್ಟುಹಬ್ಬಕ್ಕೆ ಕೊಡುವಂಥದ್ದು. ಹೀಗೆ ನುಣುಪು ಮಾಡದೆ ಬಿಟ್ಟ ಸದ್ದಿಗೆ ಲೋ-ಫೈ ಅಂತಾರೆ. ನಮ್ಮಮ್ಮ ಒಮ್ಮೆ ಕೇಳಿ, “ಇದೇನೇ, ಐಸ್‌ಕ್ಯಾಂಡಿ ಗಾಡಿ ಬಂದಂಗಿದೆ” ಅಂದ್ರು. ತಪ್ಪೇನಿಲ್ಲ.

ಹಾಡುಗಳ ವಸ್ತುವೂ ಅಷ್ಟೇ ಸಣ್ಣದು: ಬೆಕ್ಕು ಮೇಲೋ ನಾಯಿ ಮೇಲೋ, ಹೋಂವರ್ಕು, ಪಾರ್ಕು, ಕೂಸುಗಳು ಎಷ್ಟು ವಿಚಿತ್ರ ಅನ್ನೋದು. ಆದರೆ ‘ಸಿಕ್ ಬೀಟ್’ ಬಂದಾಗ ನಾನು ಕೆಲಸ ನಿಲ್ಲಿಸ್ತೀನಿ. ಹುಡುಗಿಯರು ವಿಡಿಯೊ ಗೇಮ್ ಆಡಬಾರದು ಅನ್ನುವವರನ್ನು ಆಟದಲ್ಲೇ ಸೋಲಿಸುವ ಹಾಡದು. ಕಾಲೇಜಿನಲ್ಲಿ ಗೇಮ್ ಆಡಲು ಕೂತರೆ “ನಿಂಗ್ಯಾಕೆ ಇದೆಲ್ಲ” ಅಂತ ಮೌಸ್ ಕಸಿದುಕೊಳ್ತಿದ್ದರು. ಈಗಲೂ ಮೀಟಿಂಗಿನಲ್ಲಿ ನಾನೇ ಬರೆದ ಕೋಡನ್ನು ನನಗೇ ಯಾರಾದರೂ ವಿವರಿಸಿ ಹೇಳುವುದುಂಟು. ಎಂಟು ವರ್ಷದ ಅನುಭವ ಆ ಹೊತ್ತಿಗೆ ಎಲ್ಲಿ ಹೋಗುತ್ತೋ! ಸಾರಾ ಇಲ್ಲಿ ಸಿಟ್ಟು ಮಾಡೋದಿಲ್ಲ, ನಗ್ತಾ ನಗ್ತಾ ಆಡಿ ಗೆಲ್ಲುತ್ತಾರೆ. ಗಂಟಲು ಹರಿದು ಕೂಗಿದ್ದರೆ ನನಗಿಷ್ಟು ಹತ್ತಿರ ಆಗ್ತಿರಲಿಲ್ಲ.

ಇನ್ನೊಂದು ಸಂಗತಿ, ಇಂಗ್ಲಿಷಿನಲ್ಲಿ ಹಾಡುತ್ತಿದ್ದವರು ನಡುವೆ ಸಲೀಸಾಗಿ ಜಪಾನಿಗೆ ಹೊರಳುತ್ತಾರೆ. ಮೊದಲೇ ಸೂಚನೆಯಿಲ್ಲ, ಅನುವಾದವಿಲ್ಲ. ನನಗೆ ಜಪಾನಿ ಒಂದಕ್ಷರ ಬರದು, ಆದರೂ ಆ ಹೊರಳು ಗೊತ್ತು. ಇಂಗ್ಲಿಷಿನಲ್ಲಿ ಮೇಲ್ ಬರೀತಾ ಫೋನಿನಲ್ಲಿ “ಸಾರಿಗೆ ಉಪ್ಪು ಹಾಕಿದ್ಯಾ?” ಅಂತ ತಂಗಿಯನ್ನು ಕೇಳುವ ಮನೆ ನಮ್ಮದು.

ಎಲ್ಲ ಹಾಡೂ ಒಂದೇ ಮಟ್ಟದಲ್ಲಿಲ್ಲ. ಕೆಲವು ಮೂರನೇ ಜಹಾಂಗೀರು ತಿಂದಂಗೆ, ಸಿಹಿ ಮುಖಕ್ಕೆ ಹೊಡೆಯುತ್ತದೆ. 2018ರ ‘ಟೈಮ್ ಎನ್ ಪ್ಲೇಸ್’ ಹೊತ್ತಿಗೆ ತಂಡದವರೇ ಗಿಟಾರು, ಡ್ರಮ್ಮಿನ ಗದ್ದಲಕ್ಕೆ ಹೋದರು. ಒಳ್ಳೆ ಆಲ್ಬಮ್ಮೇ, ಆದರೆ ನನ್ನ ಮನಸ್ಸು ಪುಟ್ಟ ಕ್ಯಾಸಿಯೊ ಹತ್ತಿರವೇ ಉಳಿದಿದೆ.

ಕೇಳುವುದಾದರೆ ‘ಸಿಕ್ ಬೀಟ್’ನಿಂದ ಶುರುಮಾಡಿ. ಎಚ್ಚರಕ್ಕಿಂತ ನಿದ್ದೆಯೇ ವಾಸಿ ಅನ್ನುವ ‘ಐಡ್ ರ್‍ಯಾದರ್ ಸ್ಲೀಪ್’ ಮಾತ್ರ ರಿಲೀಸ್ ಇರುವ ರಾತ್ರಿ ಬೇಡ. ಲ್ಯಾಪ್‌ಟಾಪ್ ಮುಚ್ಚಿಬಿಡ್ತೀರಿ.