ವಂಶಾವಳಿಯೂ ದಾನಪತ್ರವೂ

ವಯಸ್ಸು ಅರುವತ್ತು ದಾಟಿದ ಮೇಲೆ ಗಂಡಸರಿಗೆ ಹಿಡಿಯುವ ಹುಚ್ಚುಗಳಲ್ಲಿ ವಂಶವೃಕ್ಷವನ್ನು ಬರೆಯುವುದೂ ಒಂದು. ನನಗೂ ಅದು ಹಿಡಿಯಿತು. ಹಳೆಯ ಪೆಟ್ಟಿಗೆಯಲ್ಲಿದ್ದ ಕ್ರಯಪತ್ರ, ವಿಭಾಗಪತ್ರಗಳನ್ನೆಲ್ಲ ಹರವಿಕೊಂಡು, ಮೂಲಪುರುಷನಿಂದ ನನ್ನ ಮೊಮ್ಮಗನವರೆಗೆ ಒಂಬತ್ತು ತಲೆಗಳ ಹೆಸರುಗಳನ್ನು ದೊಡ್ಡ ಹಾಳೆಯೊಂದರಲ್ಲಿ ಬರೆದೆನು. ಯಾರ ಕಾಲದಲ್ಲಿ ಎಷ್ಟು ಜಮೀನಿತ್ತೆಂಬುದನ್ನು ಪಕ್ಕದಲ್ಲಿ ಗುರುತು ಮಾಡಿದೆನು. ನನ್ನ ತಂದೆಯವರ ಹೆಸರಿನ ಎದುರಿಗೆ, “1974ರ ಭೂಸುಧಾರಣೆಯಲ್ಲಿ ಕೆರೆಯ ಕೆಳಗಿನ ಗದ್ದೆ ಹೋಯಿತು” ಎಂದು ಬರೆಯುವಾಗ, ಅವರು ಆ ವಿಷಯವಾಗಿ ಸಾಯುವವರೆಗೂ ಪಟ್ಟ ಸಂಕಟವು ನೆನಪಿಗೆ ಬಂದು ಲೇಖನಿಯು ಒಂದು ಕ್ಷಣ ತಡೆಯಿತು. ಹಾಳೆಗೆ ಕಟ್ಟುಹಾಕಿಸಿ ನಡುಮನೆಯ ಗೋಡೆಗೆ ತಗುಲಿಸಿದ್ದಾಯಿತು. ನನ್ನ ಗೃಹಿಣಿಯು ಕನ್ನಡಕವನ್ನಿಟ್ಟುಕೊಂಡು ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿ, “ಇದರಲ್ಲಿ ಒಬ್ಬ ಹೆಂಗಸೂ ಇಲ್ಲವಲ್ಲ! ನಿಮ್ಮ ಮನೆತನದವರೆಲ್ಲ ಮರದಲ್ಲಿ ಕಾಯಿಬಿಟ್ಟು ಉದುರಿದವರೇನು?” ಎಂದು ಕೇಳಿದಳು. ನಾನು ನಕ್ಕು ಸುಮ್ಮನಾದೆನು. ಆ ಮಾತಿಗೆ ತಕ್ಕ ಉತ್ತರವು ನನಗೆ ದೊರೆತುದು ಬಹುದೂರದಲ್ಲಿ, ಅಮೆರಿಕದ ಒಂದು ಚರ್ಚಿನ ಅಂಗಳದಲ್ಲಿ.

ನಮ್ಮ ಮಗಳ ಸಂಸಾರವು ವರ್ಜೀನಿಯಾ ಸಂಸ್ಥಾನದಲ್ಲಿದೆ. ನಾವು ಅಲ್ಲಿಗೆ ಹೋಗಿದ್ದಾಗ, ನನ್ನ ವಂಶಾವಳಿಯ ಹುಚ್ಚನ್ನು ಬಲ್ಲ ಅಳಿಯಂದಿರು, “ಈ ಪ್ರಾಂತದ ಅತಿ ದೊಡ್ಡ ಜಮೀನುದಾರರ ಮನೆತನವೊಂದನ್ನು ನಿಮಗೆ ತೋರಿಸುತ್ತೇನೆ, ಮಾವ” ಎಂದು ಲ್ಯಾಂಕಾಸ್ಟರ್ ಕೌಂಟಿಗೆ ಕರೆದುಕೊಂಡು ಹೋದರು. ಅಲ್ಲಿ ಕ್ರೈಸ್ಟ್ ಚರ್ಚ್ ಎಂಬ ಇಟ್ಟಿಗೆಯ ದೇವಾಲಯವಿದೆ. 1730ರ ದಶಕದಲ್ಲಿ ಕಟ್ಟಿದ್ದು, ಶಿಲುಬೆಯ ಆಕಾರದ್ದು. ಅದನ್ನು ಕಟ್ಟಿಸಿದವನು ರಾಬರ್ಟ್ ಕಾರ್ಟರ್. ಅವನ ಐಶ್ವರ್ಯವನ್ನೂ ದರ್ಪವನ್ನೂ ಕಂಡ ಜನರು ಅವನನ್ನು ‘ಕಿಂಗ್’ ಕಾರ್ಟರ್, ಎಂದರೆ ದೊರೆ ಕಾರ್ಟರ್, ಎಂದು ಕರೆಯುತ್ತಿದ್ದರು.

ಒಳಗೆ ನೆಲದ ಮೇಲೆ ಈ ‘ದೊರೆ’ಯ ತಂದೆಯಾದ ಜಾನ್ ಕಾರ್ಟರನ ಸಮಾಧಿಯ ಚಪ್ಪಡಿ ಇದೆ. ಅವನೇ ವರ್ಜೀನಿಯಾದಲ್ಲಿ ಆ ಮನೆತನದ ಮೂಲಪುರುಷ. ಇಂಗ್ಲೆಂಡಿನಿಂದ ಬಂದು ಕಾರೊಟೋಮನ್ ಎಂಬಲ್ಲಿ ನೆಲಸಿ, 1669ರಲ್ಲಿ ತೀರಿಕೊಂಡನು. ಆ ಕಲ್ಲಿನಲ್ಲಿ ಅವನಿಗಿಂತ ಮುಂಚೆ ಸತ್ತ ನಾಲ್ವರು ಹೆಂಡಿರ ಹೆಸರುಗಳನ್ನೂ ಕೆತ್ತಿದ್ದಾರೆ. ನನ್ನ ಗೃಹಿಣಿಯು ಅಳಿಯಂದಿರಿಂದ ಅದನ್ನು ಓದಿಸಿ ಕೇಳಿ, ನನ್ನ ಕಡೆ ಒಮ್ಮೆ ನೋಡಿದಳು. ನಾನು ಬೇರೆ ಕಡೆ ನೋಡಿದೆನು.

ಜಾನ್ ಕಾರ್ಟರನ ಕಾಲದಲ್ಲಿ ಅಲ್ಲಿ ಜಮೀನು ಸಂಪಾದಿಸುವ ಕ್ರಮವು ವಿಚಿತ್ರವಾದುದು. ಯಾರು ತಮ್ಮ ವೆಚ್ಚದಿಂದ ಒಬ್ಬ ಮನುಷ್ಯನನ್ನು ವಲಸೆಗೆ ಕರೆತರುವರೋ ಅವರಿಗೆ ತಲೆಯೊಂದಕ್ಕೆ 50 ಎಕರೆಯಂತೆ ಭೂಮಿ ಸಲ್ಲುತ್ತಿತ್ತು. ಬಂದವನಿಗಲ್ಲ, ತಂದವನಿಗೆ. ಆಳು ಹೆಚ್ಚಿದಷ್ಟೂ ನೆಲ. ನೆಲ ಹೆಚ್ಚಿದಷ್ಟೂ ಆಳಿನ ಅಗತ್ಯ. ಬೆಳೆಯೋ ಹೊಗೆಸೊಪ್ಪು. ಅದು ಕೆಲವೇ ವರ್ಷಗಳಲ್ಲಿ ಮಣ್ಣಿನ ಸಾರವನ್ನೆಲ್ಲ ಹೀರಿಬಿಡುತ್ತದೆ. ಆಮೇಲೆ ಹೊಸ ಕಾಡನ್ನು ಕಡಿಯಬೇಕು. ಮೊದಮೊದಲು ಇಂಗ್ಲೆಂಡಿನ ಬಡವರು ಕೆಲವು ವರ್ಷಗಳ ಕರಾರಿನ ಮೇಲೆ ದುಡಿಯುತ್ತಿದ್ದರು. ಬರಬರುತ್ತ ಆಫ್ರಿಕದಿಂದ ಸೆರೆಹಿಡಿದು ತಂದ ಗುಲಾಮರು ಅವರ ಸ್ಥಾನದಲ್ಲಿ ನಿಂತರು.

ಮಗನಾದ ರಾಬರ್ಟನು ತಂದೆಯನ್ನು ಮೀರಿಸಿದನು. ರ‍್ಯಾಪಹ್ಯಾನಕ್ ಮತ್ತು ಪೊಟೋಮ್ಯಾಕ್ ಎಂಬ ಎರಡು ನದಿಗಳ ನಡುವಣ ಪ್ರಾಂತವು ಇಂಗ್ಲೆಂಡಿನಲ್ಲಿದ್ದ ಫೇರ್‌ಫ್ಯಾಕ್ಸ್ ಎಂಬ ಪ್ರಭುವಂಶಕ್ಕೆ ಸೇರಿದ್ದಿತು. 1702ರಿಂದ 1711ರವರೆಗೂ, ಮತ್ತೆ 1722ರಿಂದ 1732ರವರೆಗೂ ಕಾರ್ಟರನು ಅವರ ಪಾರುಪತ್ಯಗಾರನಾಗಿದ್ದನು. ಅರ್ಜಿದಾರರಿಗೆ ಭೂಮಿಯನ್ನು ಮಂಜೂರು ಮಾಡುವ ಅಧಿಕಾರವು ಅವನದು. ಒಳ್ಳೊಳ್ಳೆಯ ನೆಲವನ್ನು ಅವನು ತನಗೂ, ತನ್ನ ಮಕ್ಕಳು, ಅಳಿಯಂದಿರು, ಮೊಮ್ಮಕ್ಕಳಿಗೂ ಮಂಜೂರು ಮಾಡಿಕೊಂಡನು. ಕೊಡುವ ಕೈಯೂ ತನ್ನದೇ, ತೆಗೆದುಕೊಳ್ಳುವ ಕೈಯೂ ತನ್ನದೇ. 1732ರ ಆಗಸ್ಟಿನಲ್ಲಿ ಸಾಯುವಾಗ ಅವನಿಗೆ ಸುಮಾರು 3,00,000 ಎಕರೆ ಭೂಮಿಯಿದ್ದಿತು. ನಾಲ್ಕೆಕರೆ ಗದ್ದೆಗಾಗಿ ಅಣ್ಣತಮ್ಮಂದಿರು ನ್ಯಾಯಸ್ಥಾನದ ಮೆಟ್ಟಿಲನ್ನು ಸವೆಸುವುದನ್ನು ಕಂಡ ನನಗೆ ಆ ಅಂಕಿಯು ತಲೆಗೆ ಹಿಡಿಯಲೇ ಇಲ್ಲ.

ಆ ಮನೆತನದ ಕೀರ್ತಿಯೂ ಅಷ್ಟೇ ವಿಸ್ತಾರವಾಗಿ ಹಬ್ಬಿತು. ಆದರೆ ಅದು ಹಬ್ಬಿದ ಬಗೆಯನ್ನು ವಾಚಕರು ಗಮನಿಸಬೇಕು. 1776ರ ಸ್ವಾತಂತ್ರ್ಯಘೋಷಣೆಗೆ ರುಜುಹಾಕಿದ ಬೆಂಜಮಿನ್ ಹ್ಯಾರಿಸನನ ತಾಯಿ ಆನ್, ಅದೇ ಘೋಷಣೆಗೆ ರುಜುಹಾಕಿದ ಕಾರ್ಟರ್ ಬ್ರ್ಯಾಕ್ಸ್ಟನನ ತಾಯಿ ಮೇರಿ, ಇಬ್ಬರೂ ‘ದೊರೆ’ಯ ಹೆಣ್ಣುಮಕ್ಕಳು. ಆ ಹ್ಯಾರಿಸನನ ಮಗನೂ ಮರಿಮೊಮ್ಮಗನೂ ಅಮೆರಿಕದ ಅಧ್ಯಕ್ಷರಾದರು. ಅಂತರ್ಯುದ್ಧದ ದಂಡನಾಯಕ ರಾಬರ್ಟ್ ಲೀಯ ತಾಯಿಯೂ ಕಾರ್ಟರ್ ಮನೆತನದ ಹುಡುಗಿಯೇ. ಗಂಡುಮಕ್ಕಳನ್ನು ಮಾತ್ರ ಎಣಿಸುವ ನನ್ನ ಕ್ರಮದಂತೆ ವೃಕ್ಷವನ್ನು ಬರೆದಿದ್ದರೆ ಇವರೊಬ್ಬರೂ ಅದರಲ್ಲಿ ಕಾಣಿಸಿಕೊಳ್ಳುತ್ತಿರಲಿಲ್ಲ!

ಚರ್ಚಿನ ಹೊರಗೆ ‘ದೊರೆ’ಯ ಅಮೃತಶಿಲೆಯ ಗೋರಿಯಿದೆ, ಅದರ ಮೇಲೆ ಲ್ಯಾಟಿನ್ ಭಾಷೆಯ ಪ್ರಶಸ್ತಿಯಿದೆ. ಅದರ ಪಕ್ಕದಲ್ಲಿ ನಿಂತು ಅಳಿಯಂದಿರು ಹೇಳಿದ ಎರಡು ಸಂಗತಿಗಳು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಮೊದಲನೆಯದು: 1708ರಲ್ಲಿ, ಓಡಿಹೋಗುತ್ತಿದ್ದ ಬಂಬಾರಾ ಹ್ಯಾರಿ, ಡೀನಾ ಎಂಬ ಇಬ್ಬರು ಗುಲಾಮರ ಕಾಲ್ಬೆರಳುಗಳನ್ನು ಕತ್ತರಿಸಲು ಕಾರ್ಟರನು ಕೌಂಟಿಯ ನ್ಯಾಯಸ್ಥಾನದಿಂದ ಅಪ್ಪಣೆಯನ್ನು ಪಡೆದನು. ಎರಡನೆಯದು: 1727ರ ಒಂದು ಪತ್ರದಲ್ಲಿ, ಹೊಸದಾಗಿ ಕೊಂಡ ಗುಲಾಮರಿಗೆ ತಾನೇ ಹೆಸರಿಟ್ಟುದಾಗಿಯೂ, ಪ್ರತಿಯೊಬ್ಬನೂ ಆ ಹೆಸರಿಗೆ ಓಗೊಡುವವರೆಗೆ ಮತ್ತೆಮತ್ತೆ ಅದನ್ನು ಕೂಗಿ ಅಭ್ಯಾಸ ಮಾಡಿಸಿದುದಾಗಿಯೂ ಅವನು ಬರೆದಿದ್ದಾನೆ. ತಾಯಿ ತಂದೆಗಳಿಟ್ಟ ಹೆಸರು ಹಡಗಿನಿಂದ ಇಳಿದ ಕೂಡಲೆ ಅಳಿಸಿಹೋಯಿತು. ವಂಶಾವಳಿಯ ಮೊದಲ ಗೆರೆಯನ್ನೇ ಒರಸಿದಂತಾಯಿತು.

ಕಾಯಿದೆಯೂ ಹಾಗೆಯೇ ಇದ್ದಿತು. 1662ರ ವರ್ಜೀನಿಯಾದ ಶಾಸನದಂತೆ ಮಗುವು ತಾಯಿಯ ಸ್ಥಿತಿಯನ್ನು ಪಡೆಯತಕ್ಕದ್ದು: ತಾಯಿ ಗುಲಾಮಳಾದರೆ, ತಂದೆ ಯಾರೇ ಆಗಲಿ, ಮಗುವೂ ಗುಲಾಮ. 1705ರ ಶಾಸನವು ಗುಲಾಮರನ್ನು ಸ್ಥಿರಾಸ್ತಿಯೆಂದು ಸಾರಿತು. ಹೊಲದಂತೆ ಅವರೂ ಉತ್ತರಾಧಿಕಾರಿಗಳಿಗೆ ಇಳಿಯತಕ್ಕವರಾದರು. ಹೀಗಾಗಿ ಒಂದು ಮನೆತನವು ತನ್ನ ಹೆಸರನ್ನು ತಂದೆಯಿಂದ ಮಗನಿಗೆ ಇಳಿಸಿತು; ಅದೇ ಹೊಲದಲ್ಲಿ ದುಡಿದ ಇನ್ನೊಂದು ಜನಕ್ಕೆ ಸಂಕೋಲೆಯು ತಾಯಿಯಿಂದ ಮಗುವಿಗೆ ಇಳಿಯಿತು. ‘ದೊರೆ’ ಸತ್ತ ಮೇಲೆ ಮಾಡಿದ ಆಸ್ತಿಯ ಪಟ್ಟಿಯಲ್ಲಿ ದನ, ಹಂದಿ, ಗುದ್ದಲಿಗಳ ಜತೆಗೆ ಏಳುನೂರಕ್ಕೂ ಮಿಕ್ಕ ಮನುಷ್ಯರು ಸೇರಿದ್ದಾರೆ.

ಇಷ್ಟೇ ಆಗಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಆದರೆ ಆ ವೃಕ್ಷದಲ್ಲಿಯೇ ಒಂದು ಬೇರೆಯ ಕೊಂಬೆ ಚಿಗುರಿತು. ‘ದೊರೆ’ಯ ಮೊಮ್ಮಗನೊಬ್ಬನ ಹೆಸರೂ ರಾಬರ್ಟನೇ. 1728ರಲ್ಲಿ ಹುಟ್ಟಿದ ಇವನ ತಂದೆಯೂ ತಾತನೂ 1732ನೆಯ ಒಂದೇ ವರ್ಷದಲ್ಲಿ ತೀರಿಕೊಂಡುದರಿಂದ, ನಾಲ್ಕು ವರ್ಷದ ಮಗುವು ಅರುವತ್ತು ಸಾವಿರಕ್ಕೂ ಹೆಚ್ಚು ಎಕರೆಗಳಿಗೆ ವಾರಸುದಾರನಾಯಿತು. ನಾಮಿನಿ ಹಾಲ್ ಎಂಬುದು ಇವನ ಮನೆ. ಹದಿನೇಳು ಮಕ್ಕಳ ತಂದೆ. ಗವರ್ನರನ ಮಂತ್ರಾಲೋಚನ ಸಭೆಯ ಸದಸ್ಯ. ತನ್ನ ತೋಟಗಳಿಗೆ ಮೇಷ, ಕರ್ಕಾಟಕ, ಸಿಂಹ, ತುಲಾ ಎಂದು ರಾಶಿಗಳ ಹೆಸರನ್ನಿಟ್ಟಿದ್ದನು. 1773ರಲ್ಲಿ ಇವನ ಮಕ್ಕಳಿಗೆ ಉಪಾಧ್ಯಾಯನಾಗಿ ಬಂದ ಫಿಲಿಪ್ ಫಿದಿಯನ್ ಎಂಬ ತರುಣನು ದಿನಚರಿಯನ್ನು ಬರೆದಿಟ್ಟಿದ್ದಾನೆ. ದಯಾಳುವೆಂದು ಹೆಸರಾದ ಈ ಯಜಮಾನನ ಗುಲಾಮರಿಗೂ ವಾರಕ್ಕೆ ದೊರೆಯುತ್ತಿದ್ದುದು ಸುಮಾರು ಒಂಬತ್ತು ಲೀಟರು ಮೆಕ್ಕೆಜೋಳ, ಒಂದು ಪೌಂಡು ಮಾಂಸ, ಅಷ್ಟೆ ಎಂದು ಅದರಿಂದ ತಿಳಿಯುತ್ತದೆ.

1778ರಲ್ಲಿ ಈ ರಾಬರ್ಟನು ಸಿರಿವಂತರ ಚರ್ಚನ್ನು ಬಿಟ್ಟು ಬ್ಯಾಪ್ಟಿಸ್ಟ್ ಪಂಥವನ್ನು ಸೇರಿದನು. ಅಲ್ಲಿ ಯಜಮಾನರೂ ಗುಲಾಮರೂ ಒಂದೇ ಸಭೆಯಲ್ಲಿ ಕುಳಿತು ಪ್ರಾರ್ಥಿಸುತ್ತಿದ್ದರು. ತನ್ನ ಪಕ್ಕದಲ್ಲಿ ಕುಳಿತು ದೇವರನ್ನು ತಂದೆಯೆಂದು ಕರೆಯುವವನನ್ನು ಮಾರನೆಯ ದಿನ ಲೆಕ್ಕದ ಪುಸ್ತಕದಲ್ಲಿ ಆಸ್ತಿಯೆಂದು ಬರೆಯುವುದು ಅವನಿಗೆ ಕಷ್ಟವಾಗಿರಬೇಕು. 1782ರಲ್ಲಿ ವರ್ಜೀನಿಯಾದ ಶಾಸನಸಭೆಯು ಯಜಮಾನರೇ ಗುಲಾಮರನ್ನು ಬಿಡುಗಡೆ ಮಾಡಲು ಅವಕಾಶವನ್ನು ಕೊಟ್ಟಿತು. 1791ರ ಆಗಸ್ಟ್ 1ರಂದು ರಾಬರ್ಟನು ಒಂದು ದಾನಪತ್ರವನ್ನು ಬರೆದು, ಮುಂದಿನ ತಿಂಗಳು ನ್ಯಾಯಸ್ಥಾನಕ್ಕೆ ಒಪ್ಪಿಸಿದನು. ಇವರನ್ನು ದಾಸ್ಯದಲ್ಲಿಡುವುದು ಧರ್ಮಕ್ಕೂ ನ್ಯಾಯಕ್ಕೂ ವಿರುದ್ಧವೆಂಬುದು ಅದರ ತಾತ್ಪರ್ಯ. 452 ಜನರ ಹೆಸರು, ವಯಸ್ಸು, ಇರುವ ತೋಟ ಇವೆಲ್ಲವೂ ಅದರಲ್ಲಿವೆ. ಪ್ರತಿವರ್ಷ ಜನವರಿಯಲ್ಲಿ 15 ಜನರಿಗೆ ಬಿಡುಗಡೆ. ಮಕ್ಕಳಲ್ಲಿ ಹುಡುಗಿಯರಿಗೆ 18ಕ್ಕೆ, ಹುಡುಗರಿಗೆ 21ಕ್ಕೆ. ಅಂತರ್ಯುದ್ಧಕ್ಕೆ ಮೊದಲು ಒಬ್ಬ ಯಜಮಾನನು ಮಾಡಿದ ಬಿಡುಗಡೆಗಳಲ್ಲಿ ಇದೇ ಅತಿ ದೊಡ್ಡದೆಂದು ಎಣಿಸುತ್ತಾರೆ.

ಇವನನ್ನು ದೇವರ ಪಟ್ಟಕ್ಕೆ ಏರಿಸಬೇಕಾಗಿಲ್ಲ. ಅರುವತ್ತಮೂರನೆಯ ವಯಸ್ಸಿನವರೆಗೆ ಅವರ ದುಡಿಮೆಯನ್ನು ಉಂಡವನೇ ಅವನು. ಆ ಪಟ್ಟಿಯಲ್ಲಿದ್ದ ಹಸುಗೂಸು ಇಪ್ಪತ್ತು ವರ್ಷ ಕಾಯಬೇಕಾಗಿದ್ದಿತು. ಆದರೂ ಅವನು ತೆತ್ತ ಬೆಲೆಯು ಸಣ್ಣದಲ್ಲ. ನೆರೆಯವನ ಮನೆ ಉರಿಯುವುದೆಂಬುದನ್ನು ಲೆಕ್ಕಿಸದೆ ತನ್ನ ಮನೆಗೆ ಬೆಂಕಿಯಿಡುವವನಿಗೆ ಅವನನ್ನು ಹೋಲಿಸಿ, ಹೆಸರಿಲ್ಲದ ಪತ್ರವೊಂದು ಬಂದಿತು. ಸ್ವಂತ ಮಕ್ಕಳಲ್ಲಿಯೂ ಕೆಲವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅವರ ಪಾಲಿಗೆ ಬರಬೇಕಾದ ಸ್ವತ್ತಲ್ಲವೇ! ಬಿಡುಗಡೆಯಾದ ಕೆಲವರಿಗೆ ಅವನು ಜಮೀನನ್ನು ಗೇಣಿಗೆ ಕೊಟ್ಟಾಗ ಅಸಮಾಧಾನವು ಇನ್ನೂ ಹೆಚ್ಚಿತು. 1793ರಲ್ಲಿ ಅವನು ಹುಟ್ಟಿದ ನಾಡನ್ನೇ ಬಿಟ್ಟು ಬಾಲ್ಟಿಮೋರಿಗೆ ಹೋದನು. ಬಿಡುಗಡೆಯ ಕಾರ್ಯವನ್ನು ಮುಂದುವರಿಸುವ ಅಧಿಕಾರವನ್ನು ತನ್ನ ಮಕ್ಕಳಿಗೆ ಕೊಡದೆ, ಬೆಂಜಮಿನ್ ಡಾಸನ್ ಎಂಬ ಬ್ಯಾಪ್ಟಿಸ್ಟ್ ಬೋಧಕನಿಗೆ ವಹಿಸಿದನು. 1804ರಲ್ಲಿ ತೀರಿಕೊಂಡ ಅವನನ್ನು ನಾಮಿನಿ ಹಾಲಿನಲ್ಲಿ ಹೂಳಿದಾಗ ಗುರುತಿಗೆ ಒಂದು ಕಲ್ಲನ್ನೂ ನೆಡಲಿಲ್ಲ. ಎರಡು ವರ್ಷಗಳ ಮೇಲೆ ವರ್ಜೀನಿಯಾದ ಕಾಯಿದೆಯು ಬಿಗಿಯಾಗಿ, ಹೊಸದಾಗಿ ಬಿಡುಗಡೆಯಾದವರು ಹನ್ನೆರಡು ತಿಂಗಳೊಳಗೆ ಸಂಸ್ಥಾನವನ್ನೇ ಬಿಟ್ಟುಹೋಗಬೇಕೆಂದಾಯಿತು. ಆ ದೊಡ್ಡ ಮನೆಯೂ 1850ರಲ್ಲಿ ಸುಟ್ಟುಹೋಯಿತು.

ಉಳಿದುದು ಆ ಕಾಗದ. ಅದರ ಬೆಲೆಯನ್ನು ಹೀಗೆ ತಿಳಿಯಬಹುದು. 1850 ಮತ್ತು 1860ರ ಅಮೆರಿಕದ ಖಾನೇಸುಮಾರಿಗಳಲ್ಲಿ ಗುಲಾಮರ ಪಟ್ಟಿಗಳಿವೆ. ಆದರೆ ಸಾಮಾನ್ಯವಾಗಿ ಅವುಗಳಲ್ಲಿ ಹೆಸರಿಲ್ಲ. ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ ಇಷ್ಟೇ. ಅವರೆಲ್ಲರ ಹೆಸರು ಮೊದಲು ದಾಖಲಾದುದು 1870ರಲ್ಲಿ. ಆದುದರಿಂದ ತಮ್ಮ ಪೂರ್ವಿಕರನ್ನು ಹುಡುಕುವ ಕರಿಯ ಜನರು ಆ ವರ್ಷಕ್ಕೆ ಬಂದು ಗೋಡೆಗೆ ಎದುರಾದಂತೆ ನಿಲ್ಲುತ್ತಾರೆ. ನಾಮಿನಿಯವರ ಸಂತತಿಗಾದರೋ ಆ ಗೋಡೆಯಲ್ಲಿ ಒಂದು ಬಾಗಿಲಿದೆ. ತಾತನು ಹೆಸರನ್ನು ಕಿತ್ತುಕೊಂಡನು. ಮೊಮ್ಮಗನು 452 ಹೆಸರುಗಳನ್ನು ಬರೆಯಿಸಿ ನ್ಯಾಯಸ್ಥಾನದಲ್ಲಿಟ್ಟನು. ಆ ಮನೆತನದ ಕಾಗದಪತ್ರಗಳಲ್ಲೆಲ್ಲ ನಿಜವಾದ ವಂಶಾವಳಿಯೆಂದರೆ ನನಗೆ ಇದೇ ಎಂದು ತೋರಿತು.

ಊರಿಗೆ ಬಂದ ಮೇಲೆ ಗೋಡೆಯ ಮೇಲಿನ ಹಾಳೆಯನ್ನು ಇಳಿಸಿದೆನು. ತರ್ಪಣದ ಹೊತ್ತಿನಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರನ್ನು ಎತ್ತಿ ಎಳ್ಳುನೀರು ಬಿಡುವ ನಾನೇ ಹಾಳೆಯಲ್ಲಿ ಅವರನ್ನು ಮರೆತಿದ್ದೆನಲ್ಲ! ಗೃಹಿಣಿಯು ಹೇಳುತ್ತ ಹೋದಳು. ನಾನು ಬರೆಯುತ್ತ ಹೋದೆನು. ಅತ್ತೆಯಂದಿರು, ಸೋದರತ್ತೆಯರು, ಕೊಟ್ಟ ಹೆಣ್ಣುಮಕ್ಕಳು, ಬಾಣಂತಿತನದಲ್ಲಿ ತೀರಿಕೊಂಡವರು, ಎಲ್ಲರೂ ಬಂದರು. ಮುತ್ತಜ್ಜಿಯ ಆಚೆಗೆ ಹೆಸರು ಸಿಗಲಿಲ್ಲ. ಆ ಮನೆಗಳನ್ನು ಬರಿದಾಗಿಯೇ ಬಿಟ್ಟಿದ್ದೇನೆ.

ಕೊನೆಗೆ ಅವಳು, “ಕೆರೆಯ ಕೆಳಗಿನ ಗದ್ದೆಯವರು?” ಎಂದಳು. ನಮ್ಮಲ್ಲಿದ್ದುದು ಗೇಣಿ, ಅಲ್ಲಿಯದು ಗುಲಾಮಗಿರಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಮೂರು ತಲೆಮಾರು ಆ ಗದ್ದೆಯನ್ನು ಉತ್ತು, ನಮ್ಮ ಕಣಜವನ್ನು ತುಂಬಿದ ಮನೆಯವರಲ್ಲಿ ಒಬ್ಬನ ಹೆಸರು ಮಾತ್ರ ನನಗೆ ಗೊತ್ತಿತ್ತು. ಅವನ ಹೆಂಡತಿಯ ಹೆಸರನ್ನೂ ತಾಯಿಯ ಹೆಸರನ್ನೂ ಗೃಹಿಣಿಯು ಹೇಳಿದಳು. ಅವರಿಗೆ ಅನ್ನವಿಕ್ಕಿದವಳು ಅವಳಲ್ಲವೇ! ಉಳಿದ ಹೆಸರುಗಳನ್ನು ಕೇಳಿಕೊಂಡು ಬರಲು ನಾನೇ ಅವರ ಮನೆಗೆ ಹೋದೆನು. ಅವನ ಮೊಮ್ಮಗನು ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿ, ನೀರು ಬೆಲ್ಲ ಕೊಟ್ಟು, ಐದು ತಲೆಗಳ ಹೆಸರನ್ನು ನಿಲ್ಲದೆ ಹೇಳಿದನು.

ತಂದೆಯವರ ಹೆಸರಿನ ಎದುರಿಗಿದ್ದ ಸಾಲಿನಲ್ಲಿ ಒಂದೇ ಒಂದು ಮಾತನ್ನು ತಿದ್ದಿದ್ದೇನೆ. ‘ಗದ್ದೆ ಹೋಯಿತು’ ಎಂದಿದ್ದುದು ಈಗ ‘ಗದ್ದೆ ಉತ್ತವರಿಗೆ ಸೇರಿತು’ ಎಂದಾಗಿದೆ. ತಂದೆಯವರು ಇದ್ದಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ! ಹಾಳೆಯನ್ನು ಮಾತ್ರ ಮತ್ತೆ ಅದೇ ಮೊಳೆಗೆ ತಗುಲಿಸಿದ್ದೇನೆ.