ಕೊಂಡಿ

ಕಾರಿನ ಸ್ಟೀರಿಯೊ ಮಾರುವವನ ಕಷ್ಟ ವಿಚಿತ್ರವಾದದ್ದು. ಮುಟ್ಟಿ, ಕೇಳಿ ನೋಡದೆ ಯಾರೂ ಕೊಳ್ಳರು. ಮುಟ್ಟಗೊಟ್ಟರೆ ಸರಕು ಉಳಿಯುವ ಭರವಸೆಯಿಲ್ಲ.

ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಲಿದ್ದುದರಿಂದ ಎದ್ದ ನವನಗರದಲ್ಲಿ, ಒಂದು ಅಂಗಡಿಯವರು ಅದಕ್ಕೆ ಉಪಾಯ ಮಾಡಿದ್ದರು. ಹಲಗೆಯ ಮೇಲೆ ಸಾಲಾಗಿ ಸ್ಪೀಕರುಗಳು, ಜೋಡಿಗೊಂದು ಸ್ವಿಚ್ಚು. ಒತ್ತಿದ ಜೋಡಿಯಷ್ಟೇ ಹಾಡುತ್ತದೆ. ಉಳಿದವು ಅತ್ತೆಯ ಮುಂದಿನ ಸೊಸೆಯರಂತೆ ಸುಮ್ಮನಿರುತ್ತವೆ. ಎಲ್ಲದರ ಬೆನ್ನಿಗೂ ಒಂದು ಸಣ್ಣ ತಂತಿ. ಅದರಲ್ಲಿ ಸದಾ ಒಂದಿಷ್ಟು ವಿದ್ಯುತ್ತು. ಯಾರಾದರೂ ಸ್ಪೀಕರು ಕಿತ್ತರೆ ವಿದ್ಯುತ್ತು ನಿಂತು ಸೈರನ್ನು ಕೂಗುತ್ತದೆ. ವಿದ್ಯುತ್ತು ಹರಿಯುವಾಗ ಮೌನ, ತಂತಿ ಹರಿದರೆ ಕೂಗು!

ಒಮ್ಮೆ ಸಣ್ಣ ಹುಡುಗನೊಬ್ಬ ಸ್ವಿಚ್ಚು ಒತ್ತಿದ್ದೇ ತಡ, ಅದು ಕೂಗಿಬಿಟ್ಟಿತು. ಎಲ್ಲರ ಕಣ್ಣೂ ಅವನ ಅವ್ವನ ಮಾಸಿದ ಸೀರೆಯ ಮೇಲೆ. ಅಂಗಡಿಯವರು ಹಲಗೆಯ ಹಿಂದೆ ನೋಡಿ, ಎಲ್ಲರಿಗೂ ಕೇಳುವಂತೆ, "ತಂತಿ ಸಡ್ಲಾಗಿತ್ರಿ ಅಕ್ಕಾರ, ಹುಡುಗಂದೇನೂ ತಪ್ಪಿಲ್ಲ" ಎಂದರು. ಆ ಮಾತು ಬರದಿದ್ದರೆ ಆ ತಾಯಿ ಮನೆಗೆ ಏನನ್ನು ಹೊತ್ತೊಯ್ಯುತ್ತಿದ್ದಳು?

ನಮ್ಮ ಇಳಕಲ್ಲಿನ ಸೀರೆಯಲ್ಲಿ ಹತ್ತಿಯ ಮೈಗೂ ರೇಷ್ಮೆಯ ಸೆರಗಿಗೂ ಎಳೆ ಎಳೆಗೆ ಕೊಂಡಿ ಹಾಕುತ್ತಾರೆ. ಅಂಥ ಸೀರೆಗಳನ್ನು ಅಂಗಡಿಯವರು ಗಾದಿಯ ತುಂಬ ಹರವಿ, ನಾವು ಒಂದನ್ನೇ ಕೊಂಡರೂ ನಗುತ್ತ ಮಡಚಿಡುತ್ತಾರೆ. ಅಲ್ಲಿಯೂ ಕಾವಲಿದೆ, ಆದರೆ ಆ ಕಾವಲಿಗೆ ಕಣ್ಣಿದೆ, ನಾಲಗೆಯಿದೆ.

ಸೈರನ್ನು ಬೇಡವೆನ್ನಲಾರೆ, ಸಾಲ ಮಾಡಿ ಸರಕು ತಂದವರ ಹೊಟ್ಟೆಯ ಪ್ರಶ್ನೆಯದು. ಕೊಂಡಿ ಕಳಚಿತೆಂದು ಅದು ಹೇಳಬಲ್ಲದು. ಕಳಚಿದ್ದು ಕಳ್ಳನೋ, ಬರೀ ಸಡಿಲ ತಂತಿಯೋ ಎನ್ನಲು ಮನುಷ್ಯರೇ ಬೇಕು.